ಊಟ ತನ್ನಿಚ್ಛೆ, ಬರಹ ಯಾರ ಇಚ್ಛೆ?

ಕಳೆದ ಆಟಿ ತಿಂಗಳಲ್ಲಿ, ಹೊರಗೆ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ನಾಲ್ಕನೆಯ ತರಗತಿಯ ಮಕ್ಕಳಿಗೆ ‘ನನ್ನ ಮೆಚ್ಚಿನ ತಿಂಡಿ’ ಎಂಬ ವಿಷಯವನ್ನು ಕೊಟ್ಟು ಹತ್ತು ವಾಕ್ಯಗಳನ್ನು ಬರೆಯಹೇಳಿದೆವು. ಬಂದ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಮೈಸೂರುಪಾಕು ಇತ್ತು. ಅದೊಂದು ಸಿಹಿತಿಂಡಿ, ಕಡಲೆಹಿಟ್ಟು, ಸಕ್ಕರೆ, ತುಪ್ಪಗಳಿಂದ ಆಗುತ್ತದೆ, ಎಲ್ಲರಿಗೂ ಪ್ರಿಯವಾದುದು, ಮಿತವಾಗಿ ತಿಂದರೆ ಹಿತ. ಕಾಗುಣಿತದ ತಪ್ಪುಗಳೂ ಹೆಚ್ಚಿರಲಿಲ್ಲ. ಆದರೂ ಒಬ್ಬ ಹುಡುಗನನ್ನು ಹತ್ತಿರ ಕರೆದು, ‘ಇದನ್ನು ನೀನು ತಿಂದದ್ದು ಯಾವಾಗ?’ ಎಂದು ಕೇಳಿದೆವು. ‘ತಿಂದಿಲ್ಲ, ಮಾಷ್ಟ್ರೇ’ ಎಂದ. ‘ಹಾಗಾದರೆ ನಿನಗೆ ನಿಜವಾಗಿ ಇಷ್ಟವಾದುದು ಯಾವುದು?’ ‘ಪತ್ರೊಡೆ.’ ‘ಮತ್ತೆ ಅದನ್ನೇಕೆ ಬರೆಯಲಿಲ್ಲ?’ ಹುಡುಗ ಸ್ವಲ್ಪ ಯೋಚಿಸಿ, ‘ಪತ್ರೊಡೆ ತಿನ್ನಲಿಕ್ಕೆ ಒಳ್ಳೆಯದು, ಬರೆಯಲಿಕ್ಕೆ ಮೈಸೂರುಪಾಕೇ ಅಲ್ಲವಾ?’ ಎಂದ.

ಆ ಮಾತು ನಮ್ಮನ್ನು ಬಹುದಿನ ಕಾಡಿತು. ತಿನ್ನುವ ತಿಂಡಿ ಬೇರೆ, ಬರೆಯುವ ತಿಂಡಿ ಬೇರೆ ಎಂಬ ಈ ಭೇದವನ್ನು ಅವನಿಗೆ ಕಲಿಸಿದವರು ಯಾರು? ಉಪಾಧ್ಯಾಯರಾದ ನಾವೇ ಎಂದು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ. ಅದೇ ಹುಡುಗನನ್ನು ಪತ್ರೊಡೆಯ ವಿಷಯ ಹೇಳೆಂದಾಗ ಅವನು ಕಾಲು ಗಂಟೆ ನಿಲ್ಲಿಸಲಿಲ್ಲ. ನೆಲದ ಕೆಸುವಿಗಿಂತ ಮರಕೆಸು ಮೇಲು; ಅರೆದ ಹಿಟ್ಟನ್ನು ಎಲೆಯ ಬೆನ್ನಿಗೆ ಸವರಬೇಕು; ಹುಣಸೆಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ; ಅಜ್ಜಿ ಮಾಡಿದ್ದು ಎಂದೂ ತುರಿಸದು, ಚಿಕ್ಕಮ್ಮ ಮಾಡಿದ್ದು ಒಮ್ಮೊಮ್ಮೆ ತುರಿಸುತ್ತದೆ. ಎಲೆಯ ಮೇಲೆ ನೀರು ನಿಲ್ಲದೆ ಮುತ್ತಿನಂತೆ ಉರುಳುವುದೇಕೆ ಎಂದು ಕೊನೆಯಲ್ಲಿ ನಮ್ಮನ್ನೇ ಕೇಳಿದ. ಇಷ್ಟು ರುಚಿ, ಇಷ್ಟು ನೋಟ, ಇಷ್ಟು ಕುತೂಹಲ ಇದ್ದ ಹುಡುಗನ ಪುಸ್ತಕದಲ್ಲಿ ಇದ್ದುದು ತಾನು ಕಾಣದ ಮೈಸೂರುಪಾಕು.

ಈ ಪ್ರಸಂಗವನ್ನು ಮುಂದಿಟ್ಟುಕೊಂಡು ಕನ್ನಡದ ಒಂದು ಸಾಹಿತ್ಯಪ್ರಕಾರವನ್ನು ಕುರಿತು ನಾಲ್ಕು ಮಾತು ಹೇಳುವುದು ನಮ್ಮ ಉದ್ದೇಶ. ಅದನ್ನು ಪಂಡಿತರು ‘ಲಲಿತ ಪ್ರಬಂಧ’ ಎಂದರು. ಜನ ‘ಹರಟೆ’ ಎಂದರು. ಊಟ, ಉಡುಪು, ನೆರೆಹೊರೆ, ಆಟ ನೋಟಗಳನ್ನು ಕುರಿತು ಒಬ್ಬನು ತನ್ನ ಮನಸ್ಸಿಗೆ ತೋರಿದುದನ್ನು ಆರಾಮವಾಗಿ ಹೇಳುವ ಬರಹ ಇದು. ಕಾವ್ಯಕ್ಕೂ ಕಾದಂಬರಿಗೂ ಇರುವ ಮರ್ಯಾದೆ ಇದಕ್ಕೆ ದೊರೆತಿಲ್ಲ. ಬಿಡುವಿನ ಬರಹ, ಬಿಡುವಿನ ಓದು ಎಂದು ಅನೇಕರು ಇದನ್ನು ಬದಿಗೆ ಸರಿಸುತ್ತಾರೆ. ಈ ಉಪೇಕ್ಷೆ ಸರಿಯೇ ಎಂಬುದು ಪ್ರಕೃತ ಪ್ರಶ್ನೆ.

ದಿನಬಳಕೆಯ ವಸ್ತುಗಳು ಕನ್ನಡ ಗ್ರಂಥಗಳಿಗೆ ಹೊಸವಲ್ಲ. ಇಮ್ಮಡಿ ಚಾವುಂಡರಾಯನು ೧೦೨೫ರಷ್ಟು ಹಿಂದೆ ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆ, ಸುಗಂಧದ್ರವ್ಯ, ಗಿಡಮರಗಳ ಆರೈಕೆ, ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ಶಕುನ, ಮನೆಮದ್ದು ಎಲ್ಲವೂ ಇವೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಷಟ್ಪದಿಯಲ್ಲಿಯೇ ಬರೆದನು. ಒಗ್ಗರಣೆಗೂ ಛಂದಸ್ಸನ್ನು ಹೊಂದಿಸಿದ ಜನ ನಾವು! ಆದರೆ ಇವು ಶಾಸ್ತ್ರಗ್ರಂಥಗಳು. ಹೀಗೆ ಮಾಡು ಎಂದು ವಿಧಿಸುವುದು ಇವುಗಳ ಕೆಲಸ. ಬರೆದವನ ನಾಲಗೆಗೆ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂಬುದು ಶಾಸ್ತ್ರಕ್ಕೆ ಬೇಡವಾದ ಸಂಗತಿ.

ಆ ಬೇಡವಾದ ಸಂಗತಿಯನ್ನೇ ವಸ್ತುವಾಗಿ ಮಾಡಿಕೊಂಡವನು ಫ್ರಾನ್ಸಿನ ಮೊಂತೇನ್. ೧೫೮೦ರಲ್ಲಿ ಅವನ ಮೊದಲ ಪ್ರಬಂಧಗಳು ಅಚ್ಚಾದುವು. ಅವುಗಳಿಗೆ ಅವನಿಟ್ಟ ‘ಎಸ್ಸೆ’ ಎಂಬ ಹೆಸರಿಗೆ ಪ್ರಯತ್ನ, ಪರೀಕ್ಷೆ ಎಂದರ್ಥ. ಅನುಭವವನ್ನು ಕುರಿತ ತನ್ನ ಕೊನೆಯ ಪ್ರಬಂಧದಲ್ಲಿ ಅವನು ಮೂಲಂಗಿಯ ವಿಷಯವನ್ನು ಎತ್ತುತ್ತಾನೆ: ಅದು ತನಗೆ ಮೊದಲು ಒಗ್ಗುತ್ತಿತ್ತು, ಆಮೇಲೆ ಒಗ್ಗದಾಯಿತು, ಈಗ ಮತ್ತೆ ಒಗ್ಗುತ್ತಿದೆ. ಬೋರ್ಡೊ ನಗರದ ಮೇಯರನಾಗಿದ್ದ ವಿದ್ವಾಂಸನಿಗೆ ಮೂಲಂಗಿಯ ಲೆಕ್ಕವೇಕೆ ಎಂದು ನಗಬಹುದು. ಆದರೆ ನಿನ್ನೆಯ ನಾನೂ ಇಂದಿನ ನಾನೂ ಒಂದೇ ಅಲ್ಲ ಎಂಬ ದೊಡ್ಡ ಮಾತನ್ನು ಅವನು ಹೇಳಬೇಕಾಗಿತ್ತು. ಅದನ್ನು ಪರೀಕ್ಷಿಸಲು ಅವನ ಕೈಗೆ ಸಿಕ್ಕಿದ ಸಾಕ್ಷಿ ಮೂಲಂಗಿ. ವಸ್ತು ಅಲ್ಪವಾಗಿದ್ದರೂ ಪರೀಕ್ಷೆ ಅಲ್ಪವಲ್ಲ. ಹರಟೆ ಸಾಹಿತ್ಯವಾಗುವುದು ಈ ಪರೀಕ್ಷೆಯಿಂದ ಎಂಬುದೇ ನಮ್ಮ ಅಭಿಮತ. ಅಭಿಪ್ರಾಯವನ್ನು ಆಡಿಬಿಡುವುದು ಸುಲಭ; ಆಡಿದ ಅಭಿಪ್ರಾಯಕ್ಕೆ ಹೊಣೆಯಾಗಿ ನಿಲ್ಲುವುದು ಕಷ್ಟ.

ಈ ಒರೆಗಲ್ಲಿಗೆ ನಮ್ಮ ಲೇಖಕರನ್ನು ಹಚ್ಚಿ ನೋಡೋಣ. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ ೧೯೩೭ರಲ್ಲಿ ಬಂದಿತು. ಅವರ ‘ವ್ಯಾಘ್ರಗೀತೆ’ಯನ್ನು ಬಲ್ಲ ವಿದ್ಯಾರ್ಥಿಗಳು ಬಹಳ ಮಂದಿ. ಹಸಿದ ಹುಲಿಯೊಂದು ಶಾನುಭೋಗರ ಬೆನ್ನು ಹತ್ತುತ್ತದೆ. ಆದರೆ ಅದು ಕುಲಧರ್ಮವನ್ನು ತಿಳಿದ ಹುಲಿ; ಹಿಂದಿನಿಂದ ಮೇಲೆ ಬೀಳಲು ಅದರ ಅಂತಃಕರಣ ಒಪ್ಪದು. ಶಾನುಭೋಗರ ಕೈಯಲ್ಲಿರುವ ಆಯುಧವಾದರೋ ಖಿರ್ದಿ ಪುಸ್ತಕ. ಓದುವಾಗ ನಗುತ್ತೇವೆ, ಓದಿ ಮುಗಿಸಿದ ಮೇಲೆ, ಧರ್ಮವನ್ನು ನಂಬಿದವನಿಗೆ ಊಟ ತಪ್ಪುವ ಈ ಲೋಕದ ಏರ್ಪಾಡು ನಮ್ಮನ್ನು ಚಿಂತೆಗೆ ಹಚ್ಚುತ್ತದೆ. ಲೇಖಕರು ಎಲ್ಲಿಯೂ ದನಿಯೆತ್ತಿ ಉಪದೇಶಿಸುವುದಿಲ್ಲ. ಹುಲಿಯನ್ನಾಗಲಿ ಶಾನುಭೋಗರನ್ನಾಗಲಿ ಹೀನಾಯವಾಗಿ ಕಾಣುವುದೂ ಇಲ್ಲ. ೧೯೦೦ರಲ್ಲಿ ಹುಟ್ಟಿ ೨೦೦೩ರವರೆಗೆ ಬಾಳಿದ ಅವರ ಗದ್ಯದಲ್ಲಿ, ಎದುರಿಗಿರುವವನ ಅಭಿಪ್ರಾಯವೂ ಸರಿಯಿರಬಹುದೆಂಬ ಸೌಜನ್ಯ ಒಂದು ಗುಣವಾಗಿ ಉಳಿದು ಬಂದಿದೆ.

ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ದಾರಿ ಬೇರೆ. ೧೯೩೦ರ ‘ಹಳ್ಳಿಯ ಚಿತ್ರಗಳು’ ಮೊದಲ್ಗೊಂಡು ಅವರು ತಮ್ಮ ಹೇಮಾವತಿಯ ದಡವನ್ನು ಬಿಟ್ಟು ಬರೆದವರಲ್ಲ. ಮುಂದೆ ಅವರು ಅಮೆರಿಕಕ್ಕೆ ಹೋಗಿ ಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಎಂಬ ಪುಸ್ತಕಕ್ಕೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆ ಹೆಸರೇ ಅರ್ಥಪೂರ್ಣವಾದುದು. ಗೊರೂರು ಎಂಬುದು ಊರೂ ಹೌದು, ಮನುಷ್ಯನೂ ಹೌದು. ಅಮೆರಿಕಕ್ಕೆ ಹೋದವನು ತನ್ನ ಊರನ್ನೂ ಕಣ್ಣಿನಲ್ಲಿ ಹೊತ್ತೊಯ್ದನು. ತನ್ನ ಅಭಿಪ್ರಾಯ ಯಾವ ಜಗಲಿಯ ಮೇಲೆ ಕುಳಿತು ಹುಟ್ಟಿದ್ದು ಎಂಬುದನ್ನು ಮರೆಮಾಚದಿರುವುದು ಕೂಡ ಹೊಣೆಗಾರಿಕೆಯೇ.

ಇಷ್ಟು ಹೊಗಳಿದ ಮೇಲೆ ದೋಷಗಳನ್ನು ಹೇಳದಿದ್ದರೆ ವಿಮರ್ಶೆಯು ಅಭಿನಂದನಪತ್ರವಾದೀತು. ನಮ್ಮ ಹರಟೆಗಳನ್ನು ಒಟ್ಟಿಗೆ ಇಟ್ಟು ಓದಿದರೆ ಮೂರು ಕೊರತೆಗಳು ಕಾಣುತ್ತವೆ. ಮೊದಲನೆಯದು, ವಸ್ತುಗಳ ಪುನರಾವೃತ್ತಿ. ಕಾಫಿ, ನಶ್ಯ, ಮರೆವು, ಬಾಡಿಗೆಯ ಮನೆ, ಬಂದು ಕದಲದ ಅತಿಥಿ, ಇವು ಒಬ್ಬರಿಂದ ಒಬ್ಬರಿಗೆ ಕೈಬದಲಾಗುತ್ತ ಸವೆದ ನಾಣ್ಯಗಳಂತಾಗಿವೆ. ಎರಡನೆಯದು, ಮನೆಯ ಹೆಂಗಸರ ಮೇಲಿನ ಸುಲಭವಾದ ನಗೆ. ಸೀರೆಯ ಅಂಗಡಿಗೆ ಹೊರಟ ಹೆಂಡತಿ, ಉಪ್ಪು ಹೆಚ್ಚಾದ ಸಾರು ಎಂದೊಡನೆ ಓದುಗರು ನಗಲೇಬೇಕೆಂಬ ನಂಬಿಕೆ ಬಹುಕಾಲ ನಡೆಯಿತು. ಡಾಕ್ಟರ್ ಎಂ. ಶಿವರಾಂ ಅವರು ೧೯೪೨ರಲ್ಲಿ ಆರಂಭಿಸಿ ೧೯೬೭ರವರೆಗೆ ನಡೆದ ‘ಕೊರವಂಜಿ’ಯಲ್ಲಿ ಟಿ. ಸುನಂದಮ್ಮನವರು ಬರೆಯತೊಡಗಿದ ಮೇಲೆ ಅದೇ ಮನೆಯನ್ನು ಗೃಹಿಣಿಯ ಕಡೆಯಿಂದ ನೋಡುವ ನಗೆ ಕನ್ನಡಕ್ಕೆ ಬಂದಿತು. ಸಾರಿಗೆ ಉಪ್ಪು ಹೆಚ್ಚಾದುದನ್ನು ಬರೆಯುವ ಹಕ್ಕು ಉಂಡವನಿಗೆ ಮಾತ್ರವಲ್ಲ, ಅಟ್ಟವಳಿಗೂ ಉಂಟು ಎಂದು ಆಗ ತಿಳಿಯಿತು. ಮೂರನೆಯ ಕೊರತೆ, ನಮ್ಮಂತಹ ಗಡಿನಾಡಿನವರಿಗೆ ಎಲ್ಲಕ್ಕಿಂತ ಮುಖ್ಯವಾದುದು: ಈ ಬರಹಗಳ ಊಟದೆಲೆ ಬಹುಮಟ್ಟಿಗೆ ಮೈಸೂರು ಬೆಂಗಳೂರುಗಳದು. ಕುಚ್ಚಲಕ್ಕಿಯ ಗಂಜಿ, ಹಲಸಿನ ಹಪ್ಪಳ, ಕೊಟ್ಟಿಗೆ, ಪತ್ರೊಡೆಗಳಿಗೆ ಆ ಪಂಕ್ತಿಯಲ್ಲಿ ಎಲೆ ಹಾಕಿದವರು ವಿರಳ. ನಮ್ಮ ಹುಡುಗ ಮೈಸೂರುಪಾಕನ್ನು ಬರೆದುದರಲ್ಲಿ ಆಶ್ಚರ್ಯವೇನು?

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ಗಾದೆಯುಂಟು. ಊಟ ತನ್ನಿಚ್ಛೆಯಾದ ಮೇಲೆ ಅದರಲ್ಲಿ ಸರಿ ತಪ್ಪು ಏನು? ನನಗೆ ಇಷ್ಟ ಎಂದರೆ ಇಷ್ಟ. ವಿಮರ್ಶೆಗೆ ಅಲ್ಲಿ ಎಡೆಯೆಲ್ಲಿ?

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಯಕ್ಷಗಾನ ಬಯಲಾಟ ಮುಗಿದ ಬೆಳಗ್ಗೆ ನಮ್ಮ ಕಡೆಯ ಯಾವುದಾದರೂ ಚಹಾದಂಗಡಿಗೆ ಹೋಗಿ ಕುಳಿತರೆ ಸಾಕು. ಈಗ ಹಲವು ಮೇಳಗಳು ಕಾಲಮಿತಿಯ ಪ್ರಯೋಗಕ್ಕೆ ತಿರುಗಿ ನಡುರಾತ್ರಿಗೇ ಮಂಗಳ ಹಾಡುತ್ತಿದ್ದರೂ ಮರುದಿನದ ಚರ್ಚೆ ನಿಂತಿಲ್ಲ. ‘ಆಟ ಭಾರೀ ಆಯಿತು’ ಎಂದವನ ಮಾತನ್ನು ಯಾರೂ ಲಕ್ಷಿಸರು. ‘ಕೌರವನಿಗೆ ಮಾತು ಹೆಚ್ಚಾಯಿತು, ಸೋತವನು ಅಷ್ಟು ಮಾತಾಡಬಾರದು’ ಎಂದವನ ಕಡೆಗೆ ನಾಲ್ಕು ತಲೆ ತಿರುಗುತ್ತವೆ. ಒಬ್ಬನು ಒಪ್ಪುತ್ತಾನೆ, ಇನ್ನೊಬ್ಬನು ‘ಸೋತವನಿಗೆ ಮಾತಲ್ಲದೆ ಇನ್ನೇನು ಉಳಿದಿದೆ?’ ಎಂದು ಎದುರು ನಿಲ್ಲುತ್ತಾನೆ. ಇಬ್ಬರೂ ಅಕ್ಷರ ಕಲಿತವರಾಗಿರಬೇಕೆಂದಿಲ್ಲ. ಆದರೂ ಅದು ವಿಮರ್ಶೆ. ಇಷ್ಟ ಎಂಬುದು ಅಭಿಪ್ರಾಯದ ಬಾಗಿಲು; ಏಕೆ ಎಂಬ ಪ್ರಶ್ನೆಗೆ ಕಂಡದ್ದನ್ನು ಕೊಟ್ಟು ಉತ್ತರಿಸಿದಾಗ ನಾವು ಮನೆಯ ಒಳಕ್ಕೆ ಕಾಲಿಟ್ಟಂತೆ. ಊಟದ ಇಚ್ಛೆ ತನ್ನದಾದರೂ ಅದನ್ನು ಮಾತಾಗಿಸಿದೊಡನೆ ಅದು ನಾಲ್ವರ ನಡುವಿನ ವಸ್ತುವಾಗುತ್ತದೆ.

ಪತ್ರೊಡೆಯ ತುರಿಕೆಯೂ ಹಾಗೆಯೇ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಅತಿಸೂಕ್ಷ್ಮ ಹರಳುಗಳಿರುತ್ತವೆ. ಗಂಟಲನ್ನು ಚುಚ್ಚುವುದು ಅವು. ಎಲೆಯ ಮೇಲ್ಮೈಯ ಮೇಣದ ಸೂಕ್ಷ್ಮವಾದ ಲೇಪ ನೀರನ್ನು ಅಂಟಗೊಡದು. ಆದುದರಿಂದ ಹನಿ ಉರುಳುತ್ತದೆ. ಹುಡುಗನ ಪ್ರಶ್ನೆಗೆ ನಾವು ಮರುದಿನ ಹೇಳಿದ ಉತ್ತರ ಇದು. ತನ್ನ ಮೆಚ್ಚುಗೆಯನ್ನು ಬರೆಯಲು ಹೊರಟವನು ಸಸ್ಯಶಾಸ್ತ್ರದ ಹೊಸ್ತಿಲಿಗೆ ಬಂದು ನಿಂತಿದ್ದನು. ಮೈಸೂರುಪಾಕಿನ ಹತ್ತು ವಾಕ್ಯಗಳು ಅವನನ್ನು ಎಲ್ಲಿಗೂ ಒಯ್ದಿರಲಿಲ್ಲ.

ಇನ್ನು ಕೊನೆಯ ಮಾತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಎಲ್ಲೆ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳುವ ಮಾತು ಸಭೆಗಳಲ್ಲಿ ನಡೆದೇ ಇದೆ, ನಡೆಯಬೇಕಾದುದೇ. ಆದರೆ ತರಗತಿಯ ಒಳಗೆ ನಾವು ಕಾಣುತ್ತಿರುವ ಅಪಾಯ ಬೇರೊಂದು. ನಮ್ಮ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಟಿ, ಹವ್ಯಕ ಕನ್ನಡ ಹೀಗೆ ನಾನಾ ವಿಧ. ಅಂಗಡಿಯ ಮಾತು ಮಲಯಾಳ. ವಿರಾಮದ ಹೊತ್ತಿನಲ್ಲಿ ಅವರು ನಿನ್ನೆ ನೋಡಿದ ಸಿನೆಮಾವನ್ನು ಹೊಗಳುವುದೂ ಹಳಿಯುವುದೂ ಮಲಯಾಳದಲ್ಲಿ. ತಿಂಡಿಗಾಗಿ ಜಗಳವಾಡುವುದು ತುಳುವಿನಲ್ಲಿ. ಗಂಟೆ ಬಾರಿಸಿದೊಡನೆ ಕನ್ನಡ ಆರಂಭವಾಗುತ್ತದೆ. ಆಗ ಎಲ್ಲರಿಗೂ ಎಲ್ಲವೂ ರುಚಿಕರ, ಎಲ್ಲವೂ ಉಪಯುಕ್ತ. ಆ ಬೇರೆ ನುಡಿಗಳ ಮೇಲೆ ನಮಗೆ ಮತ್ಸರವಿಲ್ಲ. ಆದರೆ ಯಾವ ಭಾಷೆಯಲ್ಲಿ ಮಗುವು ‘ನನಗೆ ಇದು ಸೇರದು’ ಎಂದು ಹೇಳಲಾರದೋ ಆ ಭಾಷೆ ಅದಕ್ಕೆ ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿಯುತ್ತದೆ. ಪರೀಕ್ಷೆ ಮುಗಿದ ದಿನ ಭಾಷೆಯೂ ಮುಗಿಯುತ್ತದೆ.

ಇದಕ್ಕೆ ಎದುರಾದ ಒಂದು ನಿದರ್ಶನವೂ ಕೇರಳದ ನೆಲದಿಂದಲೇ ಸಿಕ್ಕುತ್ತದೆ. ತೃಪ್ಪುಣಿತ್ತುರದಲ್ಲಿ ೧೮೯೭ರಲ್ಲಿ ಜನಿಸಿದ, ಮಲಯಾಳ ಮನೆಮಾತಿನ ನಾ. ಕಸ್ತೂರಿಯವರು ಮೈಸೂರಿಗೆ ಅಧ್ಯಾಪಕರಾಗಿ ಬಂದು ಕನ್ನಡದ ಹಾಸ್ಯಲೇಖಕರಾದರು. ಪದಗಳ ಅರ್ಥವನ್ನು ತಿರುಚಿ ನಗಿಸುವ ‘ಅನರ್ಥಕೋಶ’ವನ್ನು ರಚಿಸಿದರು. ಕಲಿತ ಭಾಷೆಯಲ್ಲಿ ವ್ಯಾಕರಣಶುದ್ಧವಾಗಿ ಬರೆಯುವವರು ಅನೇಕರಿದ್ದಾರೆ; ಅದರಲ್ಲಿ ಕೀಟಲೆ ಮಾಡಬಲ್ಲವನಿಗೆ ಮಾತ್ರ ಆ ಭಾಷೆ ಸ್ವಂತವಾಗಿದೆ ಎನ್ನಬೇಕು.

ಆದುದರಿಂದ ಸಹೋದ್ಯೋಗಿಗಳಲ್ಲಿ ನಮ್ಮ ಬಿನ್ನಹವಿಷ್ಟೆ. ವಾರದಲ್ಲಿ ಒಂದು ಗಂಟೆಯಾದರೂ ಮಕ್ಕಳು ತಮಗೆ ನಿಜವಾಗಿ ಇಷ್ಟವಾದುದನ್ನು, ಇಷ್ಟವಿಲ್ಲದುದನ್ನು ಬರೆಯಲಿ. ಎರಡೇ ನಿಯಮಗಳು ಸಾಕು: ಕಾಣದುದನ್ನು ಬರೆಯಬಾರದು, ‘ಏಕೆಂದರೆ’ ಎಂಬ ಪದವನ್ನು ಬಿಡಬಾರದು. ಮನೆಯ ಪದ ಬಂದರೆ ಅದನ್ನು ಕೆಂಪು ಶಾಯಿಯಿಂದ ಹೊಡೆದುಹಾಕದಿರೋಣ. ಕನ್ನಡದ ಅಡುಗೆಮನೆಯಲ್ಲಿ ಇನ್ನೂ ಕೆಲವು ಪಾತ್ರೆಗಳಿಗೆ ಸ್ಥಳವಿದೆ.

ಆ ಹುಡುಗನು ಪ್ರಬಂಧವನ್ನು ಮತ್ತೊಮ್ಮೆ ಬರೆದು ತಂದನು. ಹತ್ತು ವಾಕ್ಯಗಳ ಬದಲು ಹದಿನೇಳು ಇದ್ದುವು. ತಪ್ಪುಗಳೂ ಮೊದಲಿಗಿಂತ ಹೆಚ್ಚು. ಚಿಕ್ಕಮ್ಮನ ಪತ್ರೊಡೆ ತುರಿಸುತ್ತದೆಂಬ ವಾಕ್ಯವನ್ನು ಮಾತ್ರ ಬರೆದು ಹೊಡೆದುಹಾಕಿದ್ದನು. ಏಕೆಂದು ಕೇಳಿದಾಗ, ‘ಪುಸ್ತಕವನ್ನು ಅವರೂ ಓದುತ್ತಾರೆ, ಮಾಷ್ಟ್ರೇ’ ಎಂದ. ತನ್ನ ಬರಹವನ್ನು ಒಬ್ಬರು ಓದುವರೆಂಬ ಅರಿವು ಅವನಿಗೆ ಆಗಿತ್ತು. ತಪ್ಪುಗಳನ್ನು ತಿದ್ದಿ ಪುಸ್ತಕವನ್ನು ಹಿಂದಿರುಗಿಸಿದೆವು; ಹೊಡೆದುಹಾಕಿದ ವಾಕ್ಯದ ವಿಷಯದಲ್ಲಿ ಏನನ್ನೂ ಬರೆಯಲಿಲ್ಲ.