ಮೆದುಳಿಗೂ ಒಂದು ಜಿಮ್ ಇದೆಯಂತೆ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಫೋನ್ ಮಾಡಿದ್ರು. "ನೀನು ಸಾಫ್ಟ್‌ವೇರಲ್ಲಿದೀಯಲ್ಲೋ, ಮೆದುಳಿಗೆ ಟ್ರೈನಿಂಗ್ ಕೊಡೋ ಆ್ಯಪ್ ಇದೆಯಂತೆ. ಅವನ ಫೋನಿಗೊಂದು ಹಾಕಿಕೊಡ್ತೀಯಾ?"

ಅವನು ಅಂದ್ರೆ ಚಿಕ್ಕಮ್ಮನ ಮಗ, ನನ್ನ ತಮ್ಮ. ಎಂಜಿನಿಯರಿಂಗ್ ಎರಡನೇ ವರ್ಷ. ಆರು ತಿಂಗಳಿಂದ ಕ್ಲಾಸಲ್ಲಿ ಹೇಳಿದ್ದು ತಲೆಯಲ್ಲಿ ನಿಲ್ತಿಲ್ಲ. ಸ್ನೇಹಿತರ ಜೊತೆ ಸೇರ್ತಿಲ್ಲ. ಬಸ್ಸಿನಲ್ಲಿ ಯಾರೋ ತನ್ನ ಬಗ್ಗೆಯೇ ಮಾತಾಡ್ತಿದ್ದಾರೆ ಅನ್ನಿಸುತ್ತೆ, ಆಮೇಲೆ "ಛೇ, ಇರಲಾರದು" ಅಂತ ತಾನೇ ಸಮಾಧಾನ ಮಾಡಿಕೊಳ್ತಾನೆ. "ಇದಿನ್ನೂ ಸೈಕೋಸಿಸ್ ಅಲ್ಲ, ಆದರೆ ಅಪಾಯ ಇರೋ ಹಂತ, ತಪ್ಪದೆ ಬರ್ತಾ ಇರಿ" ಅಂತ ಮನೋವೈದ್ಯರು ಹೇಳಿದ್ದಾರೆ. ಚಿಕ್ಕಮ್ಮನಿಗೆ ಕೇಳಿಸಿದ್ದು "ಅಪಾಯ" ಅನ್ನೋ ಒಂದೇ ಪದ.

ಆ್ಯಪ್ ಹಾಕೋದು ಎರಡು ನಿಮಿಷದ ಕೆಲಸ. ಆದರೆ ನನ್ನ ಹೊಟ್ಟೆಪಾಡೇ ಡ್ಯಾಶ್‌ಬೋರ್ಡ್ ನೋಡೋದು. ಯಾವ ಅಂಕಿ ಏರಿತು, ಅದು ಏರಿದ್ದರಿಂದ ಯಾರಿಗೆ ಏನಾಯ್ತು ಅಂತ ಕೇಳದೆ ಇರೋಕಾಗಲ್ಲ. ಹಾಗಾಗಿ ಮೊದಲು ಓದೋಣ ಅಂತ ಕೂತೆ.

ಇದರ ಹಿಂದಿರೋ ಯೋಚನೆ ತಳ್ಳಿಹಾಕುವಂಥದ್ದಲ್ಲ. ಸೈಕೋಸಿಸ್ ಅಂದರೆ ಇಲ್ಲದ ದನಿ ಕೇಳಿಸುವುದು, ಆಧಾರವಿಲ್ಲದ ಸಂಶಯ ಬೇರೂರುವುದು. ವಾಸ್ತವದ ಹಿಡಿತವೇ ತಪ್ಪುವುದು. ಅದಕ್ಕೂ ಮುಂಚೆಯೇ ಎಷ್ಟೋ ಹುಡುಗ ಹುಡುಗಿಯರಲ್ಲಿ ನೆನಪು, ಗಮನ ಕುಂದಿರುತ್ತೆ. ಕಿವಿಗೆ ಬಿದ್ದ ಮಾತನ್ನೇ ಮೆದುಳು ಮಸುಕಾಗಿ ಹಿಡಿದುಕೊಂಡರೆ ಅದು ನೆನಪಲ್ಲಿ ನಿಲ್ಲೋದಾದರೂ ಹೇಗೆ? ಅದಕ್ಕೇ ಬುಡದಿಂದ ಶುರು ಮಾಡ್ತಾರೆ. ಕಂಪ್ಯೂಟರ್ ಸದ್ದು ಕೇಳಿಸುತ್ತೆ, ಸ್ವರ ಏರಿತೋ ಇಳಿಯಿತೋ ಹೇಳಬೇಕು. ಆಮೇಲೆ ಒಂದನ್ನೊಂದು ಹೋಲುವ ಉಚ್ಚಾರಗಳು, ಪದಗಳು, ಉದ್ದನೆಯ ಮಾತುಗಳು. ಸರಿ ಹೇಳಿದಷ್ಟೂ ಕಷ್ಟ ಹೆಚ್ಚುತ್ತೆ.

ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೇಚಲ್ ಲೋವಿ ಮತ್ತು ಸಂಗಡಿಗರು ಇದನ್ನು ಅಪಾಯದ ಹಂತದಲ್ಲಿದ್ದ 83 ಜನರ ಮೇಲೆ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. 50 ಜನಕ್ಕೆ ಈ ಕಿವಿಯ ತರಬೇತಿ, 33 ಜನಕ್ಕೆ ಮಾಮೂಲಿ ಕಂಪ್ಯೂಟರ್ ಗೇಮ್. ಮನೆಯಲ್ಲೇ, ಲ್ಯಾಪ್‌ಟಾಪಿನಲ್ಲಿ, ಎಂಟು ವಾರದಲ್ಲಿ 40 ಗಂಟೆ. ಯಾರು ಯಾವ ಗುಂಪು ಅಂತ ಗೊತ್ತಿಲ್ಲದವರೇ ಕೊನೆಗೆ ಅಳೆದರು. ಅಚ್ಚುಕಟ್ಟಾದ ಕೆಲಸ. ತರಬೇತಿ ಪಡೆದವರಲ್ಲಿ ಕೇಳಿದ ಮಾತನ್ನು ನೆನಪಿಟ್ಟುಕೊಳ್ಳುವ ಶಕ್ತಿ ಹೆಚ್ಚಿತು, ಕಡೆಗಣಿಸುವಷ್ಟು ಸಣ್ಣ ವ್ಯತ್ಯಾಸವೇನಲ್ಲ.

ಜಾಹೀರಾತು ಬರೆಯೋರು ಇಲ್ಲಿಗೇ ನಿಲ್ಲಿಸ್ತಾರೆ. ಮುಂದಿನ ಸಾಲು ನೋಡಿ: ರೋಗಲಕ್ಷಣಗಳು ಎರಡೂ ಗುಂಪಿನಲ್ಲಿ ಕಡಿಮೆಯಾದವು. ಗೇಮ್ ಆಡಿದವರಲ್ಲೂ! ಅಂದರೆ ಆ ಸುಧಾರಣೆಯ ಶ್ರೇಯಸ್ಸನ್ನು ತರಬೇತಿಗೆ ಕೊಡೋಕಾಗಲ್ಲ. ಕಾಲ ಕಳೆದದ್ದರಿಂದ ಆಗಿರಬಹುದು. ಯಾರೋ ಕೂರಿಸಿಕೊಂಡು "ಹೇಗಿದೀಯಾ?" ಅಂತ ವಿಚಾರಿಸಿದ್ದರಿಂದಲೂ ಆಗಿರಬಹುದು. ತರಬೇತಿಯಿಂದ ಸೈಕೋಸಿಸ್ ತಪ್ಪುತ್ತಾ, ದಿನದ ಬದುಕು ಸುಧಾರಿಸುತ್ತಾ ಅನ್ನೋದನ್ನು ಸಂಶೋಧಕರೇ ಮುಂದಿನ ಕೆಲಸಕ್ಕೆ ಬಿಟ್ಟರು. ನಾವು ಕೊಂಡುಕೊಳ್ಳೋಕೆ ಹೊರಟಿರೋದು ಮಾತ್ರ ಅದನ್ನೇ.

ಎರಡನೇ ಪ್ರಶ್ನೆ, 40 ಗಂಟೆಯದ್ದು. ವಾರಕ್ಕೆ ಐದು ಗಂಟೆ. ಜನವರಿಯಲ್ಲಿ ಕಟ್ಟಿದ ಜಿಮ್ ಫೀಸು ಮಾರ್ಚ್ ಹೊತ್ತಿಗೆ ಏನಾಗಿರುತ್ತೆ ಅಂತ ನಿಮಗೂ ನನಗೂ ಗೊತ್ತು. ಇನ್ನು ಹಾಸಿಗೆಯಿಂದ ಏಳೋದೇ ಕಷ್ಟವಾಗಿರೋ ಹುಡುಗನ ಪಾಡೇನು? ಕೋಪನ್‌ಹೇಗನ್‌ನಲ್ಲಿ 146 ಜನರ ಮೇಲೆ 20 ವಾರಗಳ ಇಂಥದೇ ಕಾರ್ಯಕ್ರಮ ನಡೀತು. ಮಾಮೂಲಿ ಚಿಕಿತ್ಸೆಗಿಂತ ಒಟ್ಟಾರೆ ಬುದ್ಧಿಶಕ್ತಿಯ ಅಳತೆಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಎಷ್ಟೋ ಜನ ಅಂದುಕೊಂಡಷ್ಟು ತರಬೇತಿ ಮುಗಿಸಿರಲೇ ಇಲ್ಲ. ಅವರು ಸೋಮಾರಿಗಳು ಅಂತ ನಾನು ಓದಿಕೊಳ್ಳಲಿಲ್ಲ. ಔಷಧಿ ನುಂಗಲಾಗದ ರೋಗಿಗಿಂತ, ನುಂಗಲಾಗದಂತೆ ಮಾಡಿದ ಗುಳಿಗೆಯದ್ದೇ ತಪ್ಪಿರಬಹುದು.

ಇನ್ನೊಂದು ನಮ್ಮೂರಿನ ತಕರಾರು. ಸ್ಯಾನ್ ಫ್ರಾನ್ಸಿಸ್ಕೋದ ತರಬೇತಿಯ ಸದ್ದುಗಳು ಇಂಗ್ಲಿಷಿನವು. ಮನೆಯಲ್ಲಿ ಕನ್ನಡ ಕೇಳಿ ಬೆಳೆದವನ ಕಿವಿ ಪಳಗಬೇಕಾದ್ದು ಹಲ್ಲಿಗೂ ಹಳ್ಳಿಗೂ ಇರೋ ವ್ಯತ್ಯಾಸದಲ್ಲಿ. ಅದನ್ನು ಹಾಗೇ ತಂದು ಕೊಟ್ಟು, ಸ್ಕೋರ್ ಏರಲಿಲ್ಲ ಅಂತ ಹುಡುಗನನ್ನು ದೂರಿದರೆ?

ಆ್ಯಪ್ ಸ್ಟೋರಿನಲ್ಲಿ ಸಿಗೋದರ ಕತೆಯಂತೂ ಬೇರೆ. 2016ರ ಜನವರಿಯಲ್ಲಿ ಲ್ಯುಮೋಸಿಟಿ ಆ್ಯಪಿನ ಕಂಪನಿ, ಜನರನ್ನು ತಪ್ಪುದಾರಿಗೆಳೆಯುವ ಜಾಹೀರಾತು ಕೊಟ್ಟ ಆರೋಪದ ಮೇಲೆ ಅಮೆರಿಕದ ವ್ಯಾಪಾರ ಆಯೋಗದ ಜೊತೆ 20 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಸಂಶೋಧನೆಯಲ್ಲಿ ಪರೀಕ್ಷೆ ಮಾಡಿದ್ದು ಒಂದು, ನಿಮ್ಮ ಫೋನಿನಲ್ಲಿ ಕುಣಿಯೋದು ಇನ್ನೊಂದು. ಎರಡಕ್ಕೂ ಹೆಸರು ಮಾತ್ರ "ಬ್ರೇನ್ ಟ್ರೈನಿಂಗ್".

ಹಾಗಾದ್ರೆ ಇದೆಲ್ಲ ಬೊಗಳೆಯಾ? ಅಲ್ಲ. ಪಾಠ ಕೇಳುವಾಗ ಹಿಂದಿನ ವಾಕ್ಯ ಜಾರಿಹೋಗದೆ ಇದ್ದರೆ ವಿದ್ಯಾರ್ಥಿಗೆ ಅದೇ ದೊಡ್ಡ ವಿಷಯ. ವೈದ್ಯರೇ ಕೊಟ್ಟು, ಜೊತೆಗೊಬ್ಬರು ಕೂತು ಮಾಡಿಸುವುದಾದರೆ ಖಂಡಿತ ಮಾಡಲಿ. ನನ್ನ ಜಗಳ ಇರೋದು "ಜಿಮ್" ಅನ್ನೋ ಮಾತಿನ ಜೊತೆ. ಜಿಮ್‌ನಲ್ಲಿ ಮೈ ಇಳಿಯದಿದ್ದರೆ ತಪ್ಪು ನಿಮ್ಮದು ತಾನೇ? ಆ ಲೆಕ್ಕ ಇಲ್ಲಿಗೆ ಬಂದರೆ, ನಾಳೆ ಇವನಿಗೆ ಹುಷಾರು ತಪ್ಪಿದಾಗ ಮನೆಯವರು ಕೇಳೋದು ಒಂದೇ ಪ್ರಶ್ನೆ: "ಆ್ಯಪ್ ಸರಿಯಾಗಿ ಮಾಡಿದ್ಯಾ?"

ಸಂಜೆ ಚಿಕ್ಕಮ್ಮನಿಗೆ ಫೋನ್ ಮಾಡಿ ಒಂದು ಲೆಕ್ಕ ಹೇಳಿದೆ. ಈ ಹಂತದಲ್ಲಿರೋ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು ಮೂರು ವರ್ಷವಾದರೂ ಸೈಕೋಸಿಸ್‌ಗೆ ಹೋಗಲ್ಲ. ಹಾಗಂತ ಆ ಮೂವರೂ ಪೂರ್ತಿ ಹುಷಾರಾಗಿರ್ತಾರೆ ಅಂತೇನಿಲ್ಲ. ಆತಂಕ, ಬೇಸರ ಉಳಿಯಬಹುದು. ಅದಕ್ಕೇ ವೈದ್ಯರು ತಪ್ಪದೆ ಬನ್ನಿ ಅಂದಿದ್ದು. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರು ಜನಾನಾ?" ಅಂತ ಇನ್ನೊಂದ್ಸಲ ಕೇಳಿದ್ರು.

ಆ್ಯಪ್ ಹಾಕಿಲ್ಲ. ಮುಂದಿನ ಭೇಟಿಯಲ್ಲಿ ವೈದ್ಯರನ್ನೇ ಕೇಳ್ತೀವಿ, ನಾನೂ ರಜೆ ಹಾಕಿ ಹೋಗ್ತೀನಿ. ಅಲ್ಲೀವರೆಗೆ ಬುಧವಾರ ರಾತ್ರಿ ಅವನು ಫೋನಲ್ಲಿ ನೋಟ್ಸ್ ಓದ್ತಾನೆ, ನಾನು ಕೇಳ್ತೀನಿ. ಹೋದ ವಾರ ಅರ್ಧಕ್ಕೇ ನಿಲ್ಲಿಸಿ, "ಅಣ್ಣ, ಇದು ನನಗೂ ಅರ್ಥ ಆಗಿಲ್ಲ" ಅಂದ. ನನಗೂ ಆಗಿರಲಿಲ್ಲ. ಇಬ್ಬರೂ ನಕ್ಕು ಮೊದಲಿಂದ ಶುರು ಮಾಡಿದ್ವಿ.