ಚಿಕ್ಕಜ್ಜಿ ಲೆಕ್ಕ ಹಾಕಿದ ಕಂತು

ನಮ್ಮ ಮನೆಗೆ ಟಿ.ವಿ. ಬಂದದ್ದು 1987ರಲ್ಲಿ, ರಾಮಾಯಣ ನೋಡಲೆಂದು. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ತಂದ ಕಪ್ಪು ಬಿಳುಪಿನ ಪೆಟ್ಟಿಗೆ. ಅಮ್ಮ ಅದಕ್ಕೊಂದು ಕಸೂತಿಯ ಬಟ್ಟೆ ಹೊದಿಸಿ, ಭಾನುವಾರ ಬೆಳಿಗ್ಗೆ ಊದುಬತ್ತಿ ಹಚ್ಚುತ್ತಿದ್ದಳು. ನಿಮ್ಮಲ್ಲಿ ಹಲವರ ಮನೆಯಲ್ಲೂ ಇದೇ ನಡೆದಿರಬಹುದು. ನಗಬೇಡಿ. ಆಗ ಅದು ನಗುವ ವಿಷಯವಾಗಿರಲಿಲ್ಲ.

ನಾನು ಬರೆಯಹೊರಟಿರುವುದು ಊದುಬತ್ತಿ ಹಚ್ಚಿಸಿಕೊಳ್ಳದ ಒಂದು ಧಾರಾವಾಹಿಯ ಬಗ್ಗೆ. 1988ರಲ್ಲಿ ದೂರದರ್ಶನದಲ್ಲಿ ಆರಂಭವಾದ 'ಭಾರತ್ ಏಕ್ ಖೋಜ್'. ಒಟ್ಟು 53 ಕಂತು. ನಿರ್ದೇಶನ ಶ್ಯಾಮ್ ಬೆನೆಗಲ್. ಅತ್ತ ಸಾಕ್ಷ್ಯಚಿತ್ರ, ಇತ್ತ ನಾಟಕ, ಎರಡೂ ಬೆರೆತ ಕೆಲಸ. ಆಧಾರ, ಜವಾಹರಲಾಲ್ ನೆಹರೂ 1944ರಲ್ಲಿ ಅಹ್ಮದ್‌ನಗರದ ಕೋಟೆಯ ಸೆರೆಯಲ್ಲಿ ಐದು ತಿಂಗಳಲ್ಲಿ ಬರೆದು, 1946ರಲ್ಲಿ ಅಚ್ಚಾದ 'ದಿ ಡಿಸ್ಕವರಿ ಆಫ್ ಇಂಡಿಯಾ'.

ದೂರದರ್ಶನಕ್ಕೆ ಪಾಠ ಹೇಳುವ ಚಟ ಹೊಸದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ, ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ ಶಿಕ್ಷಣ ಮುಟ್ಟಿಸುವ 'ಸೈಟ್' ಪ್ರಯೋಗ ನಡೆದಾಗ ನಮ್ಮ ರಾಯಚೂರು, ಬಿಜಾಪುರ, ಗುಲ್ಬರ್ಗಾ ಸೀಮೆಯ ಹಳ್ಳಿಗಳೂ ಅದರಲ್ಲಿದ್ದವು. ಅಂದರೆ ಬೆಂಗಳೂರಿನ ದಿವಾನಖಾನೆಗಳಿಗಿಂತ ಮೊದಲೇ ಆ ಕಡೆಯ ರೈತರು ಟಿ.ವಿ. ಕಂಡವರು! ಬೀಜ, ಗೊಬ್ಬರ, ಮಕ್ಕಳ ಆರೋಗ್ಯದ ಆ ಪಾಠದ ಮುಂದುವರಿಕೆಯೇ ಈ ಇತಿಹಾಸದ ಪಾಠ ಎಂದು ಟೀಚರಾದ ನನಗೆ ತೋರುತ್ತದೆ.

ಆಗ ನಾನು ಬಿ.ಎ. ಓದುತ್ತಿದ್ದೆ. ಹಿಂದಿಯ ಎರಡು ಪರೀಕ್ಷೆ ಪಾಸು ಮಾಡಿದ್ದರಿಂದ ಇಡೀ ವಠಾರಕ್ಕೆ ನಾನೇ ದುಭಾಷಿ. ಟಿ.ವಿ.ಯ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು, ಅಲ್ಲಿ ಆಡಿದ ಮಾತನ್ನು ಇಲ್ಲಿ ಕನ್ನಡದಲ್ಲಿ ಹೇಳುವುದು. ಅಮ್ಮ, ಪಕ್ಕದ ಮನೆಯ ಟೈಲರಿಂಗ್ ಅಕ್ಕ, ಹಾಲಿನ ಗೌರಮ್ಮ, ನಡುಮನೆಯ ಹೊಸ್ತಿಲ ಆಚೆ ಚಿಕ್ಕಜ್ಜಿ. ಚಿಕ್ಕಜ್ಜಿ ಅಪ್ಪನ ಸೋದರತ್ತೆ. ಒಂಬತ್ತಕ್ಕೆ ಮದುವೆ, ಹದಿಮೂರಕ್ಕೆ ವೈಧವ್ಯ. ಅಂದಿನಿಂದ ಕೆಂಪು ಸೀರೆ, ಬೋಳು ತಲೆ. ಟಿ.ವಿ. ಮೈಲಿಗೆಯೋ ಅಲ್ಲವೋ ಎಂಬುದು ಯಾವ ಶಾಸ್ತ್ರದಲ್ಲೂ ಇಲ್ಲದ್ದರಿಂದ ಅವಳು ಹೊಸ್ತಿಲಿನ ಮೇಲೆ ರಾಜಿಯಾಗಿದ್ದಳು.

ಮೊದಮೊದಲು ಯಾರಿಗೂ ಇದು ರುಚಿಸಲಿಲ್ಲ. ಬಾಣಕ್ಕೆ ಬಾಣ ತಾಗುವುದಿಲ್ಲ. ನೆಹರೂ ವೇಷದ ರೋಶನ್ ಸೇಠ್ ನಿಧಾನವಾಗಿ ಮಾತಾಡುತ್ತಾರೆ, ಓಂ ಪುರಿಯ ದನಿ ಕಥೆ ಮುಂದುವರಿಸುತ್ತದೆ. ಆದರೆ ಒಂದು ವಿಷಯ ಹೆಂಗಸರ ಕಣ್ಣಿಗೆ ಬೇಗ ಬಿತ್ತು. ಇಲ್ಲಿ ಒಬ್ಬರೇ ನಟರು ಮತ್ತೆ ಮತ್ತೆ ಬೇರೆ ವೇಷದಲ್ಲಿ ಬರುತ್ತಾರೆ. ಅಶೋಕನಾದ ಓಂ ಪುರಿಯೇ ಔರಂಗಜೇಬನೂ ಆದರು. ರಾಮನಾಗಿದ್ದ ಸಲೀಂ ಘೌಸ್ ತಿಂಗಳುಗಳ ನಂತರ ಟಿಪ್ಪು ಸುಲ್ತಾನನಾಗಿ ಬಂದಾಗ ಗೌರಮ್ಮ, "ಅಯ್ಯೋ, ರಾಮ್‌ದೇವ್ರು ಕತ್ತಿ ಹಿಡ್ಕಂಡು ಶ್ರೀರಂಗಪಟ್ನಕ್ಕೆ ಬಂದ್ನಲ್ಲೇ!" ಎಂದಳು. ಎಲ್ಲರೂ ನಕ್ಕರು. ಯಾರಿಗೂ ಸಿಟ್ಟು ಬರಲಿಲ್ಲ.

ಈ ಧಾರಾವಾಹಿಯ ದೊಡ್ಡ ಗುಣ ಇದೇ ಎಂದು ಈಗ ಅನ್ನಿಸುತ್ತದೆ. ಅದು ಯಾರನ್ನೂ ದೇವರಾಗಲು ಬಿಡುವುದಿಲ್ಲ. ವೇಷ ಕಳಚಿದರೆ ಎಲ್ಲರೂ ಮನುಷ್ಯರೇ ಎಂದು ಬಾಯಿಬಿಟ್ಟು ಹೇಳದೆ ತೋರಿಸುತ್ತದೆ. ಪ್ರತಿ ಕಂತಿನ ಮೊದಲಲ್ಲಿ ವನರಾಜ್ ಭಾಟಿಯಾ ಸಂಗೀತದಲ್ಲಿ ಕೇಳುತ್ತಿದ್ದುದು ಋಗ್ವೇದದ ನಾಸದೀಯ ಸೂಕ್ತ. ಸೃಷ್ಟಿ ಹೇಗಾಯಿತೆಂಬುದು ಮೇಲಿರುವವನಿಗಾದರೂ ಗೊತ್ತೋ ಇಲ್ಲವೋ ಎಂದು ಸಂಶಯಪಡುವ ಸೂಕ್ತ ಅದು. ಸಂಶಯದಿಂದ ಶುರುವಾಗುವ ಇತಿಹಾಸಕ್ಕೆ ಊದುಬತ್ತಿ ಹಚ್ಚುವುದು ಕಷ್ಟ.

ಹಾಗೆಂದು ಕುಂದುಗಳಿಲ್ಲವೇ? ಇವೆ. ಪ್ರಧಾನಿಯಾಗಿದ್ದವರು ನೆಹರೂ ಮೊಮ್ಮಗ, 1989 ನೆಹರೂ ಜನ್ಮಶತಾಬ್ದಿ, ಪ್ರಸಾರ ಮಾಡಿದ್ದು ಸರ್ಕಾರದ ವಾಹಿನಿ. ಇದು ತಾತನ ಭಜನೆಯೇ ಎಂಬ ಅನುಮಾನ ಬಂದರೆ ತಪ್ಪಲ್ಲ. ನೋಡಿದರೆ ಪೂರ್ತಿ ಭಜನೆಯಲ್ಲ. ಆದರೆ ಒಬ್ಬರ ಕಿಟಕಿಯಿಂದ ಕಂಡ ದೇಶ ಎಂಬುದು ನಿಜ. ಆ ಕಿಟಕಿ ಉತ್ತರಕ್ಕೆ ಹೆಚ್ಚು ತೆರೆದಿತ್ತು. ಶಿಲಪ್ಪದಿಕಾರಂ, ಚೋಳರು, ವಿಜಯನಗರ, ಟಿಪ್ಪು... 53ರಲ್ಲಿ ದಕ್ಷಿಣದ ಪಾಲು ಬೆರಳೆಣಿಕೆಯದು. ಕಣ್ಣಗಿ ತನ್ನ ಗಂಡನ ಕೊಲೆಗೆ ನ್ಯಾಯ ಕೇಳಿ ಕಾಲಂದುಗೆ ಎತ್ತಿ ಹಿಡಿದಾಗ ನಮ್ಮ ಹೆಂಗಸರೆಲ್ಲ ಅತ್ತರು. ಮಧುರೆ ನಮಗೆ ಒಂದು ರಾತ್ರಿಯ ದಾರಿ. ಆ ಕಥೆ ಹಿಂದಿಯಾಗಿ ನಮ್ಮ ಜಗಲಿಗೆ ಬಂದು, ನಾನು ಅದನ್ನು ಕನ್ನಡ ಮಾಡಬೇಕಾಯಿತು! ಆದರೆ ಚಿತ್ರಗಳನ್ನು ನಮಗೆ ತೋರಿಸಿದ ಕಣ್ಣು ಮೈಸೂರಿನದು ಎಂದು ಆಗ ತಿಳಿದಿರಲಿಲ್ಲ. ಛಾಯಾಗ್ರಾಹಕರು ವಿ.ಕೆ. ಮೂರ್ತಿ, ಗುರುದತ್ತರ 'ಪ್ಯಾಸಾ', 'ಕಾಗಜ್ ಕೆ ಫೂಲ್' ಚಿತ್ರಿಸಿದ ನಮ್ಮ ಮೂರ್ತಿಯವರು.

ಇನ್ನು ಜೋತಿಬಾ ಫುಲೆಯ ಕಂತು. ಅಂದು ಅಪ್ಪ ಮನೆಯಲ್ಲಿದ್ದರು. ಚಿಕ್ಕಜ್ಜಿ ಹೊಸ್ತಿಲಿನಿಂದ ಕೇಳಿದಳು.

"ಯಾರೇ ಇವ್ನು?"

"ಪುಣೆಯವರು ಅಜ್ಜಿ. ಹೆಂಡ್ತಿಗೆ ಓದು ಕಲಿಸಿ, ಇಬ್ರೂ ಸೇರಿ ಹೆಣ್ಣುಮಕ್ಕಳಿಗೆ ಶಾಲೆ ತೆಗೆದ್ರು."

"ಯಾವ ಇಸ್ವಿ?"

"1848."

ಚಿಕ್ಕಜ್ಜಿಗೆ ತಾನು ಹುಟ್ಟಿದ ವರ್ಷ ಗೊತ್ತಿತ್ತು, 1908. ಬೆರಳು ಮಡಚಿ ಎಣಿಸಿದಳು. ಎಣಿಕೆ ತಪ್ಪಿತೇನೋ ಎಂದು ಇನ್ನೊಮ್ಮೆ ಎಣಿಸಿದಳು. "ನಾನು ಹುಟ್ಟೋಕೆ ಅರವತ್ತು ವರ್ಷ ಮೊದ್ಲೇನೆ?" ಎಂದಳು. ಮತ್ತೆ ಮಾತಾಡಲಿಲ್ಲ.

ಅದೇ ಫುಲೆ ದಂಪತಿಗಳು 1863ರಲ್ಲಿ, ಗರ್ಭಿಣಿಯರಾದ ವಿಧವೆಯರಿಗೆಂದು ಆಶ್ರಯ ಮನೆ ತೆರೆದದ್ದನ್ನು ನಮ್ಮ ಲೆಕ್ಚರರ್ ಹಿಂದಿನ ತಿಂಗಳಷ್ಟೇ ಪಾಠ ಮಾಡಿದ್ದರು. ಹೇಳಬೇಕೆಂದುಕೊಂಡೆ. ಬಾಗಿಲ ಬಳಿ ಕುರ್ಚಿಯಲ್ಲಿ ಅಪ್ಪ ಕೂತಿದ್ದರು. ಎದುರಿಗೆ ಆ ಬೋಳು ತಲೆ. ನಾಲಿಗೆ ಏಳಲಿಲ್ಲ. ಉಳಿದ ಕಂತನ್ನು ಅರ್ಧಂಬರ್ಧ ಅನುವಾದಿಸಿ ಮುಗಿಸಿದೆ. ಚಿಕ್ಕಜ್ಜಿ ಎರಡು ವರ್ಷಕ್ಕೆ ತೀರಿಕೊಂಡಳು. ಅವಳಿಗೆ ನಾನು ಹೇಳದೆ ಉಳಿಸಿಕೊಂಡ ವಾಕ್ಯ ನನ್ನ ಹತ್ತಿರವೇ ಇದೆ.

ಬಹಳ ದಿನ ಧಾರಾವಾಹಿಯ ಮೇಲೆಯೇ ಸಿಟ್ಟಿತ್ತು. ಹಿಂದಿಯಲ್ಲಿರದೆ ಕನ್ನಡದಲ್ಲಿದ್ದಿದ್ದರೆ ಚಿಕ್ಕಜ್ಜಿಗೆ ನನ್ನ ಹಂಗಿರುತ್ತಿರಲಿಲ್ಲವಲ್ಲ? ಆ ಮಾತಿನಲ್ಲಿ ಹುರುಳಿದೆ. ಇಷ್ಟೆಲ್ಲ ಖರ್ಚು ಮಾಡಿ ಕಲಿಸಹೊರಟವರು, ಕಲಿಯುವವಳ ಭಾಷೆಯನ್ನು ಮರೆತರು. ಆದರೆ ಅದರ ಹಿಂದೆ ನಾನು ಅಡಗಿ ಕೂರುವುದು ಸರಿಯಲ್ಲ. ಬೆನೆಗಲ್ ಹೇಳಬೇಕಾದ್ದನ್ನು ಹೊಸ್ತಿಲವರೆಗೆ ತಂದಿದ್ದರು. ದಾಟಿಸುವ ಕೆಲಸ ನನ್ನದಾಗಿತ್ತು.

ಬಿ.ಎಡ್. ಮಾಡಿ ಮೂರು ದಶಕದಿಂದ ಸಮಾಜ ಪಾಠ ಹೇಳುತ್ತಿದ್ದೇನೆ. ಬೆನೆಗಲ್ 2024ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ, ಯೂಟ್ಯೂಬಿನಲ್ಲಿರುವ ಈ ಕಂತುಗಳನ್ನು ಒಂಬತ್ತನೇ ತರಗತಿಯವರಿಗೆ ತೋರಿಸಿದೆ. ಅರ್ಧ ಜನ ಆಕಳಿಸಿದರು. ಸೆಟ್ಟುಗಳು ರಟ್ಟಿನಂತಿವೆ ಎಂದರು, ಅದೂ ಸುಳ್ಳಲ್ಲ. ವಿಜಯನಗರದ ಕಂತಿನಲ್ಲಿ ಒಬ್ಬಳು, "ಟೀಚರ್, ಹಂಪೇಲಿ ಎಲ್ರಿಗೂ ಹಿಂದಿ ಬರ್ತಿತ್ತಾ?" ಎಂದಳು. ಇಂಥ ವಿಮರ್ಶೆ ನನಗೆ ಹತ್ತೊಂಬತ್ತರಲ್ಲಿ ಹೊಳೆದಿರಲಿಲ್ಲ.

ಫುಲೆಯ ಕಂತಿನಲ್ಲಿ ಮಾತ್ರ ನಾನು ಮಧ್ಯೆ ಮಧ್ಯೆ ನಿಲ್ಲಿಸುತ್ತೇನೆ. 1848 ಎಂದು ಕರಿಹಲಗೆಯ ಮೇಲೆ ಬರೆದು, ನಿಮ್ಮ ಅಜ್ಜಿ ಹುಟ್ಟಿದ ವರ್ಷ ಕೇಳಿಕೊಂಡು ಬನ್ನಿ, ಅವರು ಎಷ್ಟನೆಯ ತರಗತಿಯವರೆಗೆ ಓದಿದರೆಂದೂ ಕೇಳಿ, ಎನ್ನುತ್ತೇನೆ. ಮರುದಿನ ಉತ್ತರಗಳು ಬರುತ್ತವೆ. 1950, ಶಾಲೆಗೆ ಹೋಗಿಲ್ಲ. 1956, ಮೂರನೇ ಕ್ಲಾಸು. 1961, ಶಾಲೆಗೆ ಹೋಗಿಲ್ಲ. ಕಳೆಯುವ ಲೆಕ್ಕವನ್ನು ಮಕ್ಕಳೇ ಮಾಡುತ್ತಾರೆ. ಆಮೇಲೆ 1863ರ ಮನೆಯ ಬಗ್ಗೆ ಹೇಳುತ್ತೇನೆ, ಪೂರ್ತಿಯಾಗಿ, ಕನ್ನಡದಲ್ಲಿ.