ಸಂಡೂರಿನ ಇಳಿಜಾರು, ಪಿಟ್ಸ್‌ಬರ್ಗ್‌ನ ಹಗ್ಗ

ಕೊಟ್ಟೂರಿನಲ್ಲಿ ಹೊಸಪೇಟೆ ಕಡೆಯ ರೈಲು ಹತ್ತಿದರೆ ಬಲಗಡೆಯ ಕಿಟಕಿ ಹಿಡಿಯಿರಿ. ಹಗರಿಬೊಮ್ಮನಹಳ್ಳಿ ದಾಟಿ ಮರಿಯಮ್ಮನಹಳ್ಳಿ ಹತ್ತಿರವಾಗುತ್ತಿದ್ದಂತೆ ಸಂಡೂರಿನ ಗುಡ್ಡಸಾಲು ಎದ್ದು ನಿಲ್ಲುತ್ತದೆ. ಗುಂಡಾ ರೋಡ್ ನಿಲ್ದಾಣದಲ್ಲಿ ಒಂದು ಹಳಿ ಕವಲೊಡೆದು ಸ್ವಾಮಿಹಳ್ಳಿಯತ್ತ ಹೋಗುತ್ತದೆ. ಅದಿರಿಗಾಗಿ ಹೋದ ಹಳಿ ಅದು, ಆದರೂ ಗುಡ್ಡ ಹತ್ತುವುದಿಲ್ಲ. ಬುಡದಲ್ಲೇ ಕೈಚಾಚಿ ನಿಂತುಬಿಡುತ್ತದೆ.

ರೈಲಿನ ಜಾಯಮಾನವೇ ಹಾಗೆ. ಉಕ್ಕಿನ ಗಾಲಿ, ಉಕ್ಕಿನ ಹಳಿ. ಸಮತಟ್ಟಿನಲ್ಲಿ ಸಲೀಸು, ಏರಿನಲ್ಲಿ ಜಾರು. ನಲವತ್ತು ಅಡಿಗೆ ಒಂದಡಿ ಏರಿದರೂ ಸಾಮಾನ್ಯ ಎಂಜಿನ್ ಏದುಸಿರು ಬಿಡುತ್ತದೆ. ನೀಲಗಿರಿಯಲ್ಲಿ ಹನ್ನೆರಡಕ್ಕೆ ಒಂದರ ಏರು ಹತ್ತಿಸಲು ಹಳಿಗಳ ನಡುವೆ ಹಲ್ಲುಪಟ್ಟಿ ಹಾಕಬೇಕಾಯಿತು. 1905ರ ಹೊಸಪೇಟೆ–ಕೊಟ್ಟೂರು ಮಾರ್ಗಕ್ಕೆ ಆ ಗೋಜು ಬೇಕಾಗಲಿಲ್ಲ. ಅದು ಜೋಳ, ಹತ್ತಿಯ ಬಯಲಿನ ಗಾಡಿ.

ಏರು ಇನ್ನೂ ಕಡಿದಾದಾಗ ಮಾಡುವುದೇನು? ಎಂಜಿನ್ನನ್ನೇ ಗಾಡಿಯಿಂದ ಇಳಿಸಿಬಿಡುವುದು. ಅಮೆರಿಕದ ಪಿಟ್ಸ್‌ಬರ್ಗ್ ಹಾಗೆ ಮಾಡಿತು. ಕೆಳಗೆ ನದಿದಂಡೆಯಲ್ಲಿ ಕಾರ್ಖಾನೆಗಳು, ಮೇಲೆ ಗುಡ್ಡದ ನೆತ್ತಿಯಲ್ಲಿ ಕಾರ್ಮಿಕರ ಮನೆಗಳು. 1870ರಲ್ಲಿ ಅಲ್ಲಿ ಮೊನಾಂಗಹೀಲಾ ಇನ್‌ಕ್ಲೈನ್, ಅಂದರೆ ಇಳಿಜಾರು ರೈಲು, ಶುರುವಾಯಿತು. ಏರು 35 ಡಿಗ್ರಿ. ಅಕ್ಕಪಕ್ಕ ಎರಡು ಹಳಿ, ಎರಡು ಡಬ್ಬಿ. ಮೇಲಿನ ರಾಟೆ ಸುತ್ತಿದ ಹಗ್ಗ ಎರಡನ್ನೂ ಹಿಡಿದಿರುತ್ತದೆ. ಒಂದು ಇಳಿದಂತೆ ಇನ್ನೊಂದು ಏರುತ್ತದೆ, ಸೇದುವ ಬಾವಿಯ ಜೋಡಿ ಕೊಡಗಳಂತೆ. ಡಬ್ಬಿಗಳ ತೂಕ ಪರಸ್ಪರ ಹೊಡೆದುಹೋಗುವುದರಿಂದ ಮೇಲಿರುವ ಎಂಜಿನ್ ಎಳೆಯಬೇಕಾದದ್ದು ಜನರ ತೂಕದ ಹೆಚ್ಚುಕಮ್ಮಿಯನ್ನಷ್ಟೇ. 1877ರ ಡ್ಯುಕೇನ್ ಇನ್‌ಕ್ಲೈನ್ 1962ರಲ್ಲಿ ನಿಂತುಹೋದಾಗ ಗುಡ್ಡದ ಮೇಲಿನವರೇ ದುಡ್ಡು ಕೂಡಿಸಿ ಮರುವರ್ಷ ಓಡಿಸಿದರು.

ನಮ್ಮ ಕಡೆ ಲೆಕ್ಕ ತಿರುಗುಮುರುಗು. ಜನ ಕೆಳಗೆ, ಸರಕು ಮೇಲೆ. ಇಳಿಜಾರು ರೈಲಿಗೆ ಇದಕ್ಕಿಂತ ಒಳ್ಳೆಯ ಜಾತಕ ಇನ್ನೊಂದಿಲ್ಲ. ತುಂಬಿದ ತೊಟ್ಟಿ ಇಳಿಯುವಾಗ ಖಾಲಿ ತೊಟ್ಟಿಯನ್ನು ತಾನೇ ಮೇಲೆಳೆಯುತ್ತದೆ; ಕಲ್ಲಿದ್ದಲು ಬೇಡ, ಡೀಸೆಲ್ ಬೇಡ, ಗಟ್ಟಿ ಬ್ರೇಕು ಸಾಕು. ಒಂದು ಟನ್ ಅದಿರು 300 ಮೀಟರ್ ಇಳಿಯಿತೆನ್ನಿ. ಸುಮಾರು 0.8 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಅದರಲ್ಲಿದೆ. ಹದಿನಾರು ಟನ್ನಿನ ಲಾರಿಯಲ್ಲಿ ಹದಿಮೂರು ಯೂನಿಟ್. ಅಷ್ಟೂ ಬ್ರೇಕಿನಲ್ಲಿ, ಎಂಜಿನ್ನಿನ ತಡೆತದಲ್ಲಿ ಸುಟ್ಟುಹೋಗುತ್ತದೆ. ಗಣಿಯ ಘಾಟಿ ಇಳಿದು ಬಂದ ಲಾರಿಯ ಹಿಂದಿನ ಗಾಲಿಯ ಬಳಿ ನಿಂತು ನೋಡಿ: ಡ್ರಮ್ಮಿನಿಂದ ಸುಟ್ಟ ಲೈನಿಂಗಿನ ಕಮಟು ವಾಸನೆ, ಮುಖಕ್ಕೆ ಹೊಡೆಯುವ ಝಳ. ಇಳಿಜಾರಿನ ಗಳಿಕೆ ಅಲ್ಲಿ ಹೋಯಿತು. ಖಾಲಿ ಲಾರಿ ಮತ್ತೆ ಡೀಸೆಲ್ ಕುಡಿದು ಹತ್ತಬೇಕು.

ಕನ್ನಡನಾಡಿಗೆ ಈ ವಿದ್ಯೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ತಣಿಗೆಬೈಲಿಗೆ ಇಳಿಯುತ್ತಿದ್ದುದು ರೋಪ್‌ವೇ ಬಕೆಟ್ಟುಗಳಲ್ಲಿ. ಹಳಿಯನ್ನು ಗಾಳಿಗೆ ಎತ್ತಿದರು, ಅಷ್ಟೇ ವ್ಯತ್ಯಾಸ.

ಅಪ್ಪಟ ಇಳಿಜಾರು ರೈಲು ಬೇಕೆಂದರೆ ವಿದ್ಯುತ್ ಮನೆಗಳಿಗೆ ಹೋಗಬೇಕು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ದೂರ ವಿದ್ಯುತ್ ಕಳಿಸಿದ ಶಿವನಸಮುದ್ರದಲ್ಲಿ ಕಣಿವೆಗೆ ಟ್ರಾಲಿ ಇಳಿಯುತ್ತದೆ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರದ ವಿಂಚ್ ಇನ್ನೂ ಹೆಸರುವಾಸಿ. ದೈತ್ಯ ಕೊಳವೆಗಳ ಪಕ್ಕದಲ್ಲೇ ಹಳಿ. ಒಂದು ಕಡೆ ನೀರು ಬಿದ್ದು ಚಕ್ರ ತಿರುಗಿಸುತ್ತದೆ, ಮಗ್ಗುಲಲ್ಲಿ ಹಗ್ಗ ಕಟ್ಟಿಸಿಕೊಂಡ ಡಬ್ಬಿ ನಿಧಾನ ಜಾರುತ್ತದೆ. ಎತ್ತರವನ್ನು ಪೋಲುಮಾಡಬಾರದೆಂದು ನೀರಿನ ವಿಷಯದಲ್ಲಿ ನಮ್ಮ ಎಂಜಿನಿಯರುಗಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸಂಡೂರಿನ ಅದಿರಿನ ವಿಷಯದಲ್ಲಿ ಮಾತ್ರ ಲಾರಿ ಮಾಲೀಕರ ಲೆಕ್ಕವೇ ಗೆದ್ದಿತು. ಲಾರಿ ಇವತ್ತು ಕೊಂಡರೆ ನಾಳೆ ಬಾಡಿಗೆಗೆ ಹೋಗುತ್ತದೆ, ಗಣಿ ಮುಚ್ಚಿದರೆ ಬೇರೆ ಕಡೆ ದುಡಿಯುತ್ತದೆ. ಹಳಿ ಹಾಕಿದವನು ಗುಡ್ಡಕ್ಕೇ ಕಟ್ಟುಬಿದ್ದ. ಆ ಲೆಕ್ಕ ದಡ್ಡತನದ್ದೇನೂ ಅಲ್ಲ. ಕೆಂಪು ದೂಳು ಕುಡಿದ ರಸ್ತೆಬದಿಯ ಊರುಗಳನ್ನು ಅದು ಯಾವ ಕಾಲಂನಲ್ಲೂ ಬರೆದುಕೊಳ್ಳಲಿಲ್ಲ, ಅಷ್ಟೆ.

ಈಗ ದೊಡ್ಡ ಕಂಪನಿಗಳು ಗುಡ್ಡದಿಂದ ಕನ್ವೇಯರ್ ಬೆಲ್ಟ್ ಇಳಿಸುತ್ತಿವೆ. ಛತ್ತೀಸಗಡದ ಬೈಲಾಡಿಲಾದಲ್ಲಿ ಇಳಿಯುವ ಅದಿರಿನ ಭಾರವೇ ಮೋಟರನ್ನು ತಿರುಗಿಸಿ ವಿದ್ಯುತ್ ಹುಟ್ಟಿಸುತ್ತದೆ. ಪಿಟ್ಸ್‌ಬರ್ಗ್‌ನ ಹಗ್ಗ ರಬ್ಬರ್ ಪಟ್ಟಿಯಾಗಿದೆ, ತತ್ವ ಅದೇ.

ಹಾಗಾದರೆ ಉಚ್ಚಂಗಿದುರ್ಗದ ಬೆಟ್ಟಕ್ಕೆ ಪಳನಿ ಬೆಟ್ಟದಲ್ಲಿರುವಂತೆ ಒಂದು ವಿಂಚ್ ಯಾಕಾಗಬಾರದು ಎಂದು ಹರಪನಹಳ್ಳಿಯ ಓದುಗರು ಕೇಳಬಹುದು. ಮಂಡಿ ನೋವಿನವರಿಗೆ ತೂಗಾಡುವ ರೋಪ್‌ವೇ ತೊಟ್ಟಿಲಿಗಿಂತ ನೆಲಕ್ಕಂಟಿದ ಡಬ್ಬಿಯೇ ಮೇಲು. ಗಾಳಿ ಬೀಸಿದರೆ ನಿಲ್ಲಿಸಬೇಕಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಸೀಟಿನಲ್ಲಿ ಸಪಾಟಾಗಿ ಕೂರಬಹುದು. ಆದರೆ ವಿಂಚಿಗೆ ಅನುಕೂಲವಾದದ್ದು ಬುಡದಿಂದ ನೆತ್ತಿಯವರೆಗೆ ಆದಷ್ಟು ಒಂದೇ ಹದದ ನೇರ ಇಳುಕಲು. ಈ ಸೀಮೆಯ ಗುಂಡುಗಲ್ಲಿನ ಬೆಟ್ಟಗಳಲ್ಲಿ ಅದನ್ನು ಹುಡುಕಿದರೆ ಡೈನಮೈಟ್ ತರಬೇಕಾಗುತ್ತದೆ, ಅದಕ್ಕೆ ನನ್ನ ಓಟಿಲ್ಲ. ದುರ್ಗದ ಮೇಲೆ ಕೋಟೆಯ ಗೋಡೆಗಳೂ ಇವೆ. ಅಲ್ಲಿ ಮೆಟ್ಟಿಲಿಗೊಂದು ಕಂಬಿ, ನಡುನಡುವೆ ನೆರಳು, ಕುಡಿಯುವ ನೀರು ಮಾಡಿಸಿಕೊಟ್ಟರೆ ಸಾಕು. ಇಳಿಜಾರು ಹಳಿಯ ಜಾಗ ಸಂಡೂರಿನ ಕಡೆಗೇ ಇತ್ತು.